ಹೆಣ್ಣು ನೋಡಲು ಬಂದವರೂ ಮುಳುಗಿದ ಸೇತುವೆಯೂ

ಹೆಸರುವಾಸಿಯಾದ ಯಾವುದಾದರೊಂದರ ಪಕ್ಕದಲ್ಲಿ ಒಂದಷ್ಟು ವರ್ಷ ಮನೆ ಮಾಡಿಕೊಂಡಿದ್ದರೆ ಸಾಕು, ಅದು ತನ್ನದೇ ಎಂಬ ಭ್ರಮೆ ಮನುಷ್ಯನಿಗೆ ತಾನಾಗಿಯೇ ಬಂದುಬಿಡುತ್ತದೆ. ಹಂಪಿಯಲ್ಲಿ ಎಳನೀರು ಮಾರುವ ನನ್ನ ಸ್ನೇಹಿತನೊಬ್ಬ ವಿಜಯನಗರದ ಅರಸರ ಮಾತು ಬಂದರೆ, ಆಸ್ತಿ ಕಳೆದುಕೊಂಡ ಚಿಕ್ಕಪ್ಪಂದಿರನ್ನು ನೆನೆದವನಂತೆ ಮುಖ ಸಪ್ಪಗೆ ಮಾಡಿಕೊಳ್ಳುತ್ತಾನೆ. ಹೊಸಪೇಟೆಯಲ್ಲಿ ಅಣೆಕಟ್ಟಿನ ಹತ್ತಿರ ಇರುವ ನನ್ನ ಷಡ್ಡಕ, ಗೇಟು ತೆರೆದ ದಿನ, "ಇವತ್ತು ನೀರು ಬಿಟ್ಟೀವಿ ನೋಡ್ರಿ" ಎಂದು ಫೋನು ಮಾಡುತ್ತಾನೆ. ಅವನಿರುವುದು ಬಟ್ಟೆ ಅಂಗಡಿಯಲ್ಲಿ. ಇವರನ್ನು ಕಂಡು ನಗುವ ಹಕ್ಕು ನನಗಿಲ್ಲ. ನಾನು ಕಂಪ್ಲಿಯ ಕೋಟೆ ಭಾಗದವನು. ನಮ್ಮ ಮಾಳಿಗೆ ಹತ್ತಿದರೆ ತುಂಗಭದ್ರೆಯೂ ಅದರ ಮೇಲಿನ ಹಳೆಯ ಸೇತುವೆಯೂ ಕಾಣುತ್ತವೆ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾದ ನನಗೆ ಊರಿನಲ್ಲಿ ಇರುವ ಅಲ್ಪಸ್ವಲ್ಪ ಗೌರವ ಡ್ರಾಯಿಂಗಿನಿಂದ ಬಂದದ್ದಲ್ಲ. ಅಣೆಕಟ್ಟು ತುಂಬಿ ನೀರು ಬಿಟ್ಟಾಗಲೆಲ್ಲ ಈ ಸೇತುವೆ ಮುಳುಗುತ್ತದೆ. ಆಗ ಗಂಗಾವತಿಗೆ ಹೋಗುವವರು, ಅಲ್ಲಿಂದ ಬರುವವರು, ಎಲ್ಲಿಗೂ ಹೋಗದವರು ಕೂಡ, "ಮಾಸ್ತರ, ಸೇತುವಿ ಮ್ಯಾಲ ನೀರು ಬಂತೇನ್ರಿ?" ಎಂದು ನನಗೇ ಫೋನು ಮಾಡುತ್ತಾರೆ. ನಾನು ಹೂಂ ಅಂದರೆ ಪ್ರಯಾಣ ನಿಲ್ಲುತ್ತದೆ. ತಹಶೀಲ್ದಾರರಿಗೂ ಇಲ್ಲದ ಅಧಿಕಾರ ಇದು ಎಂದು ನಾನು ಒಳಗೊಳಗೇ ಉಬ್ಬುತ್ತಿದ್ದೆ.

ಕಳೆದ ಮಳೆಗಾಲದಲ್ಲಿ ನನ್ನ ಅಕ್ಕನ ಮಗಳು ಸವಿತಾಳನ್ನು ನೋಡಲು ಗಂಗಾವತಿಯಿಂದ ಗಂಡಿನ ಕಡೆಯವರು ಬರುವುದಾಯಿತು. ಅಕ್ಕ ಇರುವುದು ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ. ಭಾವ ತೀರಿಕೊಂಡ ಮೇಲೆ ಹುಡುಗಿಯ ಮದುವೆಯ ಜವಾಬ್ದಾರಿ ನನ್ನ ಹೆಗಲಿಗೆ ಬಿದ್ದಿತ್ತು. "ನಮ್ಮ ಮನೆಗೇ ಬರಲಿ, ಅವರಿಗೆ ಸೇತುವೆ ದಾಟಿದರೆ ಮುಗಿಯಿತು" ಎಂದು ಸೂಚಿಸಿದವನು ನಾನೇ. ಸವಿತಾ ತೋರಣಗಲ್ಲಿನ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ, ಶಿಫ್ಟಿನ ಕೆಲಸ. ಹಿಂದೆ ಎರಡು ಸಂಬಂಧಗಳು ಈ ಶಿಫ್ಟಿಗೇ ತಾಗಿ ಮುರಿದಿದ್ದವು. ಮದುವೆಯಾದ ಮೇಲೆ ಕೆಲಸ ಬಿಡಬೇಕು ಎಂದು ಅವರು, ಬಿಡುವುದಿಲ್ಲ ಎಂದು ಇವಳು. ಹಾಗಾಗಿ ಗಂಡಿನವರು ಬರುವ ದಿನ ನನ್ನ ಹೆಂಡತಿ ಸರೋಜಾ ಮುಂಜಾನೆಯೇ ನನ್ನನ್ನು ಅಡುಗೆಮನೆಗೆ ಕರೆದು, "ಕೆಲಸದ ಮಾತು ನೀವೇ ತೆಗೀಬೇಕ್ರಿ. ಚಹಾ ಕುಡಿಯೂದ್ರಾಗ ಅದು ತೀರ್ಮಾನ ಆಗಿಬಿಡ್ಲಿ. ಈ ಸಲನೂ ಆಸೆ ಹುಟ್ಟಿಸಿ ಆಮ್ಯಾಲ ಬ್ಯಾಡ ಅಂದ್ರ ಅಕ್ಕಗ ತಡ್ಕೊಳ್ಳಾಕ ಆಗೂದಿಲ್ಲ" ಎಂದು ತಾಕೀತು ಮಾಡಿದಳು. ಹಿಂದಿನ ದಿನವೇ ಮಗಳೊಂದಿಗೆ ಬಂದಿದ್ದ ಅಕ್ಕ ಸೆರಗಿನಿಂದ ಒಂದೇ ಸ್ಟೀಲು ಲೋಟವನ್ನು ಒರೆಸುತ್ತಲೇ ಇದ್ದಳು.

ಬಂದವರು ಮೂವರು. ಹುಡುಗ ಮಂಜುನಾಥ, ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸ. ಅವನ ತಾಯಿ ಶಾಂತಮ್ಮ. ತಂದೆ ಈರಣ್ಣ, ಬಸ್ ಡ್ರೈವರಾಗಿ ನಿವೃತ್ತರಾದವರು. "ಸೇತುವಿ ಮ್ಯಾಲ ಪೊಲೀಸ್ರು ಗಾಡಿ ಬಿಡವಲ್ರು, ಮನುಷ್ಯಾರನ್ನ ಬಿಟ್ರು. ಕಾರು ಆ ದಂಡಿಗೆ ನಿಲ್ಲಿಸಿ ನಡ್ಕೊಂಡ ಬಂದ್ವಿ" ಎಂದು ಈರಣ್ಣನವರು ಎತ್ತಿ ಕಟ್ಟಿದ್ದ ಪಂಚೆ ಬಿಡುತ್ತ ಹೇಳಿದರು. "ಬರ್ರಿ, ಕುಂದ್ರಿ" ಎಂದು ಕೂಡಿಸಿದೆವು. ಸವಿತಾ ಉಪ್ಪಿಟ್ಟು ಶಿರಾ ತಂದಿಟ್ಟಳು. ನಾನು ಗಂಟಲು ಸರಿ ಮಾಡಿಕೊಂಡು ಕೆಲಸದ ಮಾತು ತೆಗೆಯಬೇಕು, ಅಷ್ಟರಲ್ಲಿ ಓಣಿಯಲ್ಲಿ ಗದ್ದಲವೆದ್ದಿತು. ಸೇತುವೆಯ ಮೇಲೆ ನೀರು ಹತ್ತಿತ್ತು, ಪೊಲೀಸರು ಎರಡೂ ಕಡೆ ಅಡ್ಡ ಹಾಕಿದ್ದರು.

ನಾನು ಮಾಳಿಗೆಗೆ ಓಡಿದೆ. ಹಿಂದೆಯೇ ಈರಣ್ಣನವರೂ ಬಂದರು. ನೀರನ್ನೊಮ್ಮೆ ನೋಡಿ, ಯಾವಾಗಲೂ ಹೇಳುವ ಗಾಂಭೀರ್ಯದಲ್ಲಿ, "ನಾಳೆ ಮಧ್ಯಾಹ್ನದ ತನಕ ಇಳಿಯೂದಿಲ್ರಿ" ಎಂದೆ.

"ಸಂಜಿಗೆ ಇಳೀತೈತಿ" ಎಂದರು ಅವರು.

ನನ್ನ ಮಾಳಿಗೆಯ ಮೇಲೆ ನಿಂತು ನನ್ನ ಸೇತುವೆಯ ಬಗ್ಗೆ ಹೀಗೆ ಎದುರಾಡಿದವರು ಅದುವರೆಗೆ ಯಾರೂ ಇರಲಿಲ್ಲ. "ಹೆಂಗ ಹೇಳ್ತೀರಿ?" ಎಂದು ಕೇಳಿದೆ.

"ಮಾಸ್ತರ, ನೀವು ದೂರ ನಿಂತು ನೋಡೀರಿ. ನಾನು ಬಸ್ಸು ತಗೊಂಡು ಅದರ ಮೈಮ್ಯಾಲ ಓಡಾಡಿದಾಂವ. ಅದರ ಒಂದೊಂದು ಕುಣೀನೂ ನನ್ನ ಬೆನ್ನಿಗೆ ಗೊತ್ತೈತಿ."

"ನೀವು ದಾಟಿ ಹೋಗಿಬಿಡೋರು. ಇಲ್ಲೇ ಇರೋರು ನಾವು" ಎಂದೆ.

ಅಲ್ಲಿಗೆ ನಾವಿಬ್ಬರೂ ಬೀಗರಾಗಬೇಕಾದವರು ಎಂಬುದು ಇಬ್ಬರಿಗೂ ಮರೆಯಿತು. ಮಂಜುನಾಥ ಮೆಟ್ಟಿಲ ಮೇಲಿನಿಂದ ತಲೆ ಹಾಕಿ, "ಅಪ್ಪ, ಕಡೆಬಾಗಿಲು ಊರಿನ ಸೇತುವೆ ಕಡೆಯಿಂದ ಸುತ್ತಿ ಬಸ್ಸಿಗೆ ಹೋಗಬಹುದು" ಎಂದು ಮೆಲ್ಲಗೆ ಹೇಳಿದ. "ಸಂಜಿಗೆ ಇಳೀತೈತಿ ಅಂದ್ನೆಲ್ಲ!" ಎಂದು ತಂದೆ ಗದರಿದರು. ಸುತ್ತಿ ಹೋದರೆ ಗೆದ್ದವರು ಯಾರೆಂದು ತಿಳಿಯುವುದಿಲ್ಲವೆಂದು ನಾನೂ, "ಇರಲಿ ಬಿಡ್ರಿ, ಅವಸರ ಏನೈತಿ" ಎಂದುಬಿಟ್ಟೆ. ಹುಡುಗ ಮತ್ತೆ ಒತ್ತಾಯ ಮಾಡಲಿಲ್ಲ, ಇಳಿದು ಹೋದ.

ಸಂಜೆಯಾಯಿತು. ನೀರು ಇಳಿಯಲಿಲ್ಲ. ನಾನು ಹಿಗ್ಗಿದೆ. ಗಾಳಿ ತಿರುಗಿದ್ದರಿಂದ ತಡವಾಗಿದೆ ಎಂದರು ಈರಣ್ಣನವರು. ಗಾಳಿಗೂ ಅಣೆಕಟ್ಟಿನ ಗೇಟಿಗೂ ಏನು ಸಂಬಂಧ ಎಂದೆ ನಾನು. ನೊರೆ ಬೆಳ್ಳಗಿದ್ದರೆ ಇಳಿಯುವ ನೀರು ಎಂದು ಅವರು ಹೇಳಿದರೆ, ನೀರಿನ ಬಣ್ಣ ಮುಖ್ಯ, ಡ್ರಾಯಿಂಗ್ ಕಲಿತವನಿಗೆ ಅದು ಗೊತ್ತು ಎಂದು ನಾನು ಹೇಳಿದೆ. ಅವರು ರಾತ್ರಿ ನಮ್ಮಲ್ಲೇ ಉಳಿದರು. ಬೆಳಗಾಗುವಷ್ಟರಲ್ಲಿ ಮಾಳಿಗೆಯ ಮೇಲಿನ ನನ್ನ ಕುರ್ಚಿಯನ್ನು ಹಿಡಿದು ಕೂತಿದ್ದರು. ನನಗೆ ಬಂದ ಫೋನನ್ನು ಎತ್ತಿಕೊಂಡು, "ಇನ್ನೇನು ಇಳೀತೈತಿ, ತಯಾರಾಗಿ ಇರ್ರಿ" ಎಂದು ಯಾರಿಗೋ ಹೇಳಿಯೂ ಬಿಟ್ಟರು. ಸರೋಜಾ ಮೆಟ್ಟಿಲ ಬುಡದಿಂದ, "ಅಲ್ರೀ, ಒಂದು ಮಾತು ಕೇಳೂದಿತ್ತಲ್ಲ" ಎಂದು ಮತ್ತೆ ಮತ್ತೆ ಕರೆದಳು. "ತಡಿ, ನೀರು ತಿರುಗಾಕತ್ತೈತಿ" ಎಂದು ನಾನು ಮತ್ತೆ ಮತ್ತೆ ಉತ್ತರಿಸಿದೆ.

ನಾನು ಹೇಳಿದ್ದ ಮಧ್ಯಾಹ್ನವೂ ಬಂತು. ನೀರು ಇಳಿಯುವುದಿರಲಿ, ಸೇತುವೆಯ ಕಟಾಂಜನದ ಕಂಬಿಗಳ ತುದಿಗಳೂ ಕಾಣದಾದವು. ಈರಣ್ಣನವರು ನನ್ನತ್ತ ನೋಡಿ ಮೀಸೆಯಲ್ಲೇ ನಕ್ಕರು. ಆ ನಗು ತಡೆಯಲಾಗದೆ ಚಹಾದ ನೆಪ ಮಾಡಿಕೊಂಡು ಕೆಳಗಿಳಿದೆ. ಕೆಲಸದ ಮಾತು ನೆನಪಾದದ್ದು ಆಗಲೇ.

ಅಡುಗೆಮನೆಯಲ್ಲಿ ಶಾಂತಮ್ಮ ನಮ್ಮ ಒಲೆಯ ಮುಂದೆ ಸೆರಗು ಸಿಕ್ಕಿಸಿ ನಿಂತಿದ್ದರು. ಮಂಜುನಾಥ ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡು ಜೋಳದ ರೊಟ್ಟಿ ತಟ್ಟುತ್ತಿದ್ದ. ಅದು ನಾಲ್ಕು ದಿಕ್ಕಿಗೂ ಹರಿದಿತ್ತು. "ಅಂಚು ನೋಡ್ರಿ, ಅಂಚು!" ಎಂದು ಸವಿತಾ ಗದರುತ್ತಿದ್ದಳು. ಅಕ್ಕ ಮೂಲೆಯಲ್ಲಿ ಕೂತು ನಗುತ್ತಿದ್ದಳು. ಅವಳು ಹಾಗೆ ನಕ್ಕದ್ದನ್ನು ಭಾವ ಹೋದ ಮೇಲೆ ನಾನು ನೋಡಿರಲಿಲ್ಲ.

ನಾನು ಜವಾಬ್ದಾರಿಯುಳ್ಳ ಸೋದರಮಾವನ ಮುಖ ಮಾಡಿಕೊಂಡು, "ಶಾಂತಮ್ಮನವರೇ, ಸವಿತಾನ ಕೆಲಸದ ವಿಷಯ ಸ್ವಲ್ಪ ಮಾತಾಡೂದಿತ್ತು" ಎಂದೆ.

"ಅದು ನಿನ್ನೆನ ಆತಲ್ರೀ!" ಎಂದರು ಅವರು. "ಆಕಿ ಕೆಲಸ ಬಿಡೂದು ಬ್ಯಾಡ. ನಮ್ಮ ಮಂಜ್ಯಾನ ಹೊಸಪೇಟಿ ಶೋರೂಮಿಗೆ ವರ್ಗ ಮಾಡಿಸ್ಕೊಂತಾನ. ಇಬ್ಬರೂ ಅಲ್ಲೇ ಇರ್ಲಿ. ನೈಟ್ ಶಿಫ್ಟ್ ಇದ್ರ ಮುಂಜಾನಿ ರೊಟ್ಟಿ ಇವನದು ಅಂತ ಮಾತಾಗೈತಿ. ಅದಕ್ಕ ಕಲ್ಯಾಕತ್ಯಾನ ನೋಡ್ರಿ."

ಸರೋಜಾ ನನ್ನ ಕಡೆ ನೋಡಲೂ ಇಲ್ಲ. ನಾನು, "ಸಂತೋಷ. ಆದ್ರ ನೀವು ಊರಿಗೆ ಹೋಗೂದು ಹೆಂಗ? ನೀರು ಯಾವಾಗ ಇಳೀತೈತೋ" ಎಂದೆ.

ಸವಿತಾ ಹಿಟ್ಟಿನ ಕೈ ಒರೆಸಿಕೊಂಡು, "ಇನ್ನೆರಡು ದಿನ ಇಳಿಯೂದಿಲ್ಲ ಮಾಮ. ಡ್ಯಾಮಿನ ಗೇಟು ಹಂಗೇ ತೆಗೆದಿರ್ತಾವಂತ. ನಿನ್ನೆ ನೀವು ಮಾಳಿಗಿ ಹತ್ತಿದ ಮ್ಯಾಲನ ಮೊಬೈಲಿಗೆ ಮೆಸೇಜು ಬಂದಿತ್ತು. ನಾಳೆ ಇವರು ಸುತ್ತು ಬಸ್ಸಿಗೆ ಹೋಗ್ತಾರ" ಎಂದಳು.

"ನಿನ್ನೆನ ಗೊತ್ತಿತ್ತು? ಮತ್ತ ನಮಗ ಹೇಳಬಾರದಿತ್ತೇನವ್ವ?"

"ಹೇಳಿದ್ರ ನೀವಿಬ್ರೂ ಕೆಳಗ ಬಂದು ಕುಂದ್ರತಿದ್ರಿ" ಎಂದಳು ಅವಳು. ಶಾಂತಮ್ಮ ತವೆಯ ಕಡೆ ತಿರುಗಿಕೊಂಡರು. ಅವರ ಹೆಗಲು ಅಲುಗುತ್ತಿತ್ತು.

ಅಷ್ಟರಲ್ಲಿ ಮಾಳಿಗೆಯಿಂದ ಈರಣ್ಣನವರ ಧ್ವನಿ ಬಂತು: "ಮಾಸ್ತರ, ಜಲ್ದಿ ಬರ್ರಿ! ಒಂದು ಗೇಣು ಇಳದೈತಿ!"

ಯಾರೂ ತಲೆಯೆತ್ತಲಿಲ್ಲ. ಸರೋಜಾ ಎರಡು ಕಪ್ಪು ಚಹಾ ತುಂಬಿ ನನ್ನ ಕೈಗಿತ್ತು ಮೆಟ್ಟಿಲ ಕಡೆ ಕಣ್ಣು ಮಾಡಿದಳು. ಇನ್ನೆರಡು ದಿನ ನೀರು ಇಳಿಯದು ಎಂಬ ಖಚಿತ ಸುದ್ದಿ ಈಗ ನನ್ನಲ್ಲಿತ್ತು. ಹೇಳಿಬಿಟ್ಟರೆ ಅವರ ಬಾಯಿ ಮುಚ್ಚುತ್ತಿತ್ತು, ಆದರೆ ನನಗೂ ಮಾಡಲು ಬೇರೆ ಕೆಲಸವಿರಲಿಲ್ಲ. ಚಹಾ ತುಳುಕದಂತೆ ಮೆಟ್ಟಿಲು ಹತ್ತಿ, ಒಂದು ಕಪ್ಪು ಅವರ ಕೈಗಿತ್ತು, ಕಣ್ಣು ಕಿರಿದು ಮಾಡಿ ನೀರನ್ನು ನೋಡಿ, "ಒಂದು ಗೇಣು ಎಲ್ಲೈತ್ರಿ? ಬಾಳಾದ್ರ ನಾಕು ಬಟ್ಟು" ಎಂದೆ.