ನೋಟ್‌ಪ್ಯಾಡಿಗೆ ಬಿಳಿ ಹೂವು

ಅಂದು ಬೆಳಗ್ಗೆ ಕುಂದಾಪುರದ ಮೇಲೆ ಮೋಡ ಒದ್ದೆ ಕಂಬಳಿಯ ಹಾಗೆ ಬಿದ್ದುಕೊಂಡಿತ್ತು. ಮಳೆ ಸುರಿಯಲಿಲ್ಲ, ಬಿಸಿಲೂ ಮೂಡಲಿಲ್ಲ. ಇಸವಿ ಎರಡು ಸಾವಿರದ ನಾಲ್ಕು. ಉಮಾನಾಥನ ಕಂಪ್ಯೂಟರ್ ಅಂಗಡಿಯೊಳಗೆ ರತ್ನಾಕರ ಬೆವರುತ್ತಾ ಕೂತು, ಗಂಗೊಳ್ಳಿಯ ಐಸ್ ಪ್ಲಾಂಟೊಂದರ ವೆಬ್‌ಸೈಟಿನ ಕೋಡನ್ನು ನೋಟ್‌ಪ್ಯಾಡಿನ ಖಾಲಿ ಪರದೆಯಲ್ಲಿ ಕೀಲಿಯೊತ್ತಿ ಅಕ್ಷರ ಅಕ್ಷರವಾಗಿ ಬರೆಯುತ್ತಿದ್ದ. ಅದು ಹನ್ನೊಂದನೆಯ ದಿನ. ಒಂದು ಪುಟ ಮುಗಿದಿತ್ತು.

ಪಕ್ಕದ ಕುರ್ಚಿಯಲ್ಲಿ ವಿಶಾಲ್. ಬಂದು ಎರಡೇ ತಿಂಗಳು. ಅವನು ಕೋಡ್ ಬರೆಯುವವನೇ ಅಲ್ಲ; ಹೊಸ ಸಾಫ್ಟ್‌ವೇರಿನಲ್ಲಿ, ಊಟದ ಪಂಕ್ತಿಗೆ ಎಲೆ ಹಾಸಿದ ಹಾಗೆ, ಚಿತ್ರಗಳನ್ನು ಮೌಸಿನಿಂದ ಎಳೆದೆಳೆದು ಕೂರಿಸುತ್ತಿದ್ದ. ಚಿತ್ರಗಳ ಹಿಂದಿರಬೇಕಾದ ಕೋಡನ್ನು ಸಾಫ್ಟ್‌ವೇರೇ ಬರೆದುಕೊಳ್ಳುತ್ತಿತ್ತು. ಇದೇ ಐಸ್ ಪ್ಲಾಂಟಿನ ಸೈಟನ್ನು ಉಮಾನಾಥ ಹೇಳಿದನೆಂದು ಅವನೂ ಹಿಂದಿನ ದಿನ ಕೂತು ಊಟಕ್ಕೆ ಮೊದಲೇ ಮಾಡಿ ಮುಗಿಸಿದ್ದ.

ಪ್ಲಾಂಟಿನ ಯಜಮಾನ ಪಾಂಡು ಬಂದು ಎರಡೂ ಸೈಟಿನ ಮೊದಲ ಪುಟ ನೋಡಿದ. "ಎರ್ಡೂ ಒಂದೇ ನಮೂನಿ ಇತ್ತಲೆ ಮರಾಯ!"

"ಒಳ್ಗ್ ಕಾಣಿ ಪಾಂಡಣ್ಣ," ರತ್ನಾಕರ ವಿಶಾಲನ ಪರದೆಗೆ ಬೆರಳಿಟ್ಟ. "ನಾನ್ ಒಂದ್ ಸಾಲಂಗೆ ಬರ್ದದ್ದನ್ನ ಅವ್ನ ಸಾಫ್ಟ್‌ವೇರ್ ನಲ್ವತ್ತ್ ಸಾಲ್ ಬರ್ದಿತ್ತ್. ಬರೀ ಕಸ! ನಾಳೆ ಕೆಟ್ರೆ ಎಲ್ಲಿ ಅಂದೇಳಿ ಹುಡ್ಕೂದ್?"

"ಐಸ್ ತಣ್ಣಗಿದ್ರೆ ಸಾಕ್. ನೀರ್ ಯಾವ್ ಬಾವಿದ್ ಅಂದೇಳಿ ಮೀನ್ ಕೇಂತಾ?"

ವಿಶಾಲ್ ಮರ್ಯಾದೆಯವನು, ನಗಲಿಲ್ಲ. "ರತ್ನಾಕರಣ್ಣ, ನಿಮ್ಮ್ ಕೆಲ್ಸ ಚಂದವೇ. ಆರೆ ಅಷ್ಟೊತ್ತಿಗೆ ಮೀನ್ ಹಾಳಾತ್ತಲೆ" ಎಂದಷ್ಟೇ ಹೇಳಿದ.

ಉಮಾನಾಥ ನಿಟ್ಟುಸಿರು ಬಿಟ್ಟ. "ಇಬ್ರನ್ನ ಇಟ್ಕಂಬಷ್ಟ್ ಕೆಲ್ಸ ಈ ಅಂಗ್ಡಿಲಿಲ್ಲೆ. ಯಾರನ್ನ ಬಿಡುದ್ ಅಂದೇಳಿ ನಂಗೆ ತಿಳೂದಿಲ್ಲೆ. ದೇವ್ರನ್ನೇ ಕೇಂಬ. ಬಿಳಿ ಹೂ ಬಂದ್ರ್ ಕೈಬರ್ಹ, ರತ್ನಾಕರ ಉಳೀಲಿ. ಕೆಂಪ್ ಬಂದ್ರ್ ಮೌಸ್, ವಿಶಾಲ ಉಳೀಲಿ."

ಇನ್ವರ್ಟರ್ ತರುವಾಗಲೂ ಹೂವಿನ ಪ್ರಸಾದ ಕೇಳಿದ ಮನುಷ್ಯ ಅವನು. ಎರಡು ಪೊಟ್ಟಣಗಳಲ್ಲಿ ಎರಡು ಬಣ್ಣದ ಹೂ ಕಟ್ಟಿ ದೇವರ ಮುಂದೆ ಇಡುವುದು, ಅರ್ಚಕರು ಎತ್ತಿದ ಪೊಟ್ಟಣದಲ್ಲಿ ಯಾವುದಿದೆಯೋ ಅದೇ ಅಪ್ಪಣೆ. ಆ ಮೇಲೆ ವಾದವಿಲ್ಲ.

ರತ್ನಾಕರನ ವಯಸ್ಸು ನಲವತ್ತರ ಹತ್ತಿರ. ಅವನಿಗೆ ಬರುತ್ತಿದ್ದ ವಿದ್ಯೆ ಈ ಕೋಡ್ ಬರಹವೊಂದೇ.

ಸುದ್ದಿ ಬೀದಿಯಿಡೀ ಹಬ್ಬಿತು. ಎದುರಿನ ಚಾ ಅಂಗಡಿಯ ಅಪ್ಪಿ ಬಾಗಿಲಿಗೇ ಬಂದಳು. "ಹ್ವಾಯ್ ರತ್ನಾಕರ, ಕಲ್ಲಂಗೆ ಅರ್ದ್ರೆ ಸಾರ್ ರುಚಿ, ಖರೆ. ಆರೂ ನಾನ್ ಮಿಕ್ಸಿ ತಕಂಡೆ ಕಾಣ್!"

"ದೇವ್ರಿಗೆ ನಿನ್ ಕೋಡ್ ಓದೂಕ್ ಬತ್ತಾ ಮರಾಯ?" ಎಂದ ಜೆರಾಕ್ಸ್ ಅಂಗಡಿಯ ಕಿಟ್ಟ. "ಚಿತ್ರ ಆದ್ರೆ ಬೇಗ ಕಾಂತಿದ್ದ."

ಉಮಾನಾಥ ಹಣ್ಣುಕಾಯಿ ಹಿಡಿಸಿ ರತ್ನಾಕರನನ್ನೇ ಮುಂದಾಗಿ ದೇವಸ್ಥಾನಕ್ಕೆ ಕಳುಹಿಸಿದ. ಅರ್ಚಕ ಮಂಜಯ್ಯನವರು ನೈವೇದ್ಯದ ಗಡಿಬಿಡಿಯಲ್ಲಿದ್ದರು. "ಹೂ ಅಲ್ಲಿತ್ತ್ ಕಾಣ್. ಒಂದಕ್ಕೆ ನಂದಿಬಟ್ಟಲ್, ಒಂದಕ್ಕೆ ಕೇಪ್ಳ ಇಟ್ಟ್ ಎರ್ಡ್ ಪೊಟ್ಲಿ ಕಟ್" ಎಂದು ಒಳಗೆ ಹೋದರು.

ಸುತ್ತ ಯಾರೂ ಇಲ್ಲದಾಗ ಮನುಷ್ಯನಿಗೆ ಮೊದಲು ಮರೆತುಹೋಗುವುದು ದೇವರು ಇದ್ದಾನೆ ಎಂಬ ಮಾತು. ಅದೂ ಗುಡಿಯೊಳಗೆ! ರತ್ನಾಕರ ಎರಡೂ ಪೊಟ್ಟಣಕ್ಕೆ ಬಿಳಿಯ ನಂದಿಬಟ್ಟಲನ್ನೇ ಇಟ್ಟು ಬಾಳೆನಾರಿನಿಂದ ಬಿಗಿದ. ಕೆಂಪು ಕೇಪಳದ ಗೊಂಚಲನ್ನು ಪ್ಯಾಂಟಿನ ಜೇಬಿಗೆ ತುರುಕಿದ. ಗೊಂಚಲಿನಲ್ಲಿ ಕೆಂಜಿರುವೆಗಳ ಒಂದು ತುಂಬು ಕುಟುಂಬವೇ ವಾಸವಾಗಿತ್ತು.

ಮಹಾಪೂಜೆಗೆ ಅರ್ಧ ಬೀದಿಯೇ ಬಂತು. ಉಮಾನಾಥ ಕಣ್ಣು ಮುಚ್ಚಿ ಪ್ರಾರ್ಥಿಸುತ್ತ ನಿಂತ. ಘಂಟೆ ಬಾರಿಸಿದ್ದೇ ತಡ, ರತ್ನಾಕರ ಒಂದು ಕಾಲೆತ್ತಿದ. ಮತ್ತೆ ಇನ್ನೊಂದು. ಆಮೇಲೆ ಸೊಂಟ ತಿರುಗಿಸಿ, ಹಲ್ಲು ಕಚ್ಚಿ "ಹೂಂ" ಎಂದ.

"ಮೈಮೇಲ್ ದರ್ಶನ ಬಂತಾ ಎಂತ ಇವ್ನಿಗೆ?" ಕಿಟ್ಟ ಹಿಂದೆ ಸರಿದ.

"ಯಾರ್ ಬಂದದ್ದ್ ಅಂದೇಳಿ ಕೇಣಿ!" ಎಂದು ಅಪ್ಪಿ ಅವನಿಗೇ ಕೈಮುಗಿದಳು.

"ಭಕ್ತಿ... ಬರೀ ಭಕ್ತಿ" ಎಂದು ರತ್ನಾಕರ ಮುಲುಗಿದ.

ಮಂಜಯ್ಯನವರು ಒಂದು ಪೊಟ್ಟಣ ಎತ್ತಿ ಬಿಚ್ಚಿದರು. ಬಿಳಿ. ರತ್ನಾಕರನ ಕಣ್ಣಲ್ಲಿ ನೀರು ಬಂತು. ಅರ್ಧ ಸಂತೋಷದ್ದು, ಅರ್ಧ ಇರುವೆಯದ್ದು.

ಉಮಾನಾಥ ಮೆಲ್ಲಗೆ ಅವನ ಹೆಗಲ ಮೇಲೆ ಕೈಯಿಟ್ಟ. "ಬೇಜಾರ್ ಮಾಡ್ಬೇಡ ರತ್ನಾಕರ. ದೇವ್ರ್ ವಿಶಾಲನ್ನ ಇಟ್ಕೊ ಅಂದ."

"ಬಿಳಿ ಅಂದ್ರೆ ಕೈಬರ್ಹ ಅಂದಿದ್ರಿ ಅಲ್ದಾ ಉಮಾನಾಥಣ್ಣ!"

"ಅಂದಿದ್ದೆ. ಆರೆ ಪ್ಯಾಟಿಗೆಲ್ಲ ಸುದ್ದಿ ಆಯ್ತಲೆ. ಯಾರಾರೂ ಹೂವಂಗೆ ಕೈಯಾಡ್ಸಿ, ಎರ್ಡಕ್ಕೂ ಕೆಂಪೇ ಇಟ್ಟ್ ನಿಂಗೆ ಮೋಸ ಮಾಡ್ರೆ ಅಂದೇಳಿ ಹೆದ್ರಿಕಿ. ಅದ್ಕೇ ಕಣ್ ಮುಚ್ದಾಗ ದೇವ್ರ ಹತ್ರ ತಿರ್ಗಿಸಿ ಹೇಳ್ದೆ: ಕೆಂಪ್ ಬಂದ್ರ್ ರತ್ನಾಕರ, ಬಿಳಿ ಬಂದ್ರ್ ವಿಶಾಲ. ನಿನ್ನ ಸಲುವಾಗೇ ಮಾಡದ್ದ್ ಮರಾಯ."

ಇನ್ನೊಂದು ಪೊಟ್ಟಣದಲ್ಲೂ ಬಿಳಿಯೇ ಇದೆ ಎಂದು ರತ್ನಾಕರ ಬಾಯಿಬಿಟ್ಟರೆ ಕೆಲಸದ ಹಿಂದೆ ಮಾನವೂ ಹೊರಡುತ್ತದೆ. ಮುಟ್ಟದೆ ಬಿಟ್ಟಿದ್ದರೆ ದೇವರು ಯಾವ ಹೂ ಕೊಡುತ್ತಿದ್ದನೋ, ಇನ್ನು ಈ ಜನ್ಮದಲ್ಲಿ ತಿಳಿಯುವಂತಿಲ್ಲ.

ಎಲ್ಲರೂ ತೀರ್ಥ ತಗೊಂಡು ಹೊರಟರು. ವಿಶಾಲ್ ತಲೆ ತಗ್ಗಿಸಿಕೊಂಡು ಕೊನೆಗೆ ಹೋದ. ರತ್ನಾಕರನೊಬ್ಬನೇ ಉಳಿದ ಗುಡಿಯಲ್ಲಿ ಮಂಜಯ್ಯನವರು ಎರಡನೆಯ ಪೊಟ್ಟಣ ಬಿಚ್ಚಿದರು, ನೋಡಿದರು. ರತ್ನಾಕರನ ಪ್ಯಾಂಟಿನ ಮೇಲೆ ಸಾಲುಗಟ್ಟಿದ ಇರುವೆಗಳನ್ನೂ ನೋಡಿದರು. ಪೂಜೆಯ ಹೂವಿದ್ದ ಹರಿವಾಣವನ್ನು ಅವನ ಮುಂದೆ ಹಿಡಿದರು.

ರತ್ನಾಕರ ಜೇಬಿಗೆ ಕೈಹಾಕಿ, ನಜ್ಜುಗುಜ್ಜಾದ ಕೇಪಳದ ಗೊಂಚಲನ್ನು ತೆಗೆದು, ಅದರಲ್ಲಿಟ್ಟ.