ಕ್ಯಾಮ್ ಸೆನ್ಸರಿಗೆ ಕೊಬ್ಬರಿ ಎಣ್ಣೆ

ನನ್ನ ಕಾರಿನ ಬಾನೆಟ್ಟಿನ ಕೆಳಗೆ ಇನ್ನು ಮುಂದೆ ನನ್ನ ಕೈ ಹೊರತು ಬೇರೆ ಯಾವ ಕೈಯೂ ಹೋಗಕೂಡದು! ಕಳೆದ ಡಿಸೆಂಬರಿನ ಒಂದು ಭಾನುವಾರ ಹೀಗೊಂದು ಘೋರ ಪ್ರತಿಜ್ಞೆ ಮಾಡಿದೆ. ಅದು ಹದಿನೆಂಟು ಗಂಟೆಗಳ ಕಾಲ ಅಭಂಗವಾಗಿ ನಡೆಯಿತು.

ಪ್ರತಿಜ್ಞೆಗೆ ಕಾರಣ ಭೀಮರಾಜ್. ಅರಸೀಕೆರೆಯಲ್ಲಿ ನಮ್ಮ ಮನೆಯ ಹಿಂದಿನ ಬೀದಿಯಲ್ಲೇ ಅವನ ಗ್ಯಾರೇಜು. ಒಂದು ವಾರದಿಂದ ನನ್ನ ಕಾರು ಸ್ಟಾರ್ಟ್ ಆಗಲು ಸತಾಯಿಸುತ್ತಿತ್ತು. ಎದುರಿನ ಫಲಕದಲ್ಲಿ ಹಳದಿ ದೀಪವೊಂದು ಹತ್ತಿಕೊಂಡು ನನ್ನನ್ನೇ ದುರುಗುಟ್ಟಿ ನೋಡುತ್ತಿತ್ತು. ಭೀಮರಾಜ್ ಒಂದು ಪುಟ್ಟ ಯಂತ್ರ ಚುಚ್ಚಿ ನೋಡಿ, ಕ್ಯಾಮ್ ಸೆನ್ಸರ್ ಹೋಗಿದೆ, ಕಾರು ಬಿಟ್ಟು ಹೋದರೆ ಸಂಜೆಗೆ ಬೇರೆ ಹಾಕಿಕೊಡುತ್ತೇನೆ ಎಂದ. ಒಂದೇ ಬೋಲ್ಟು, ಒಂದೇ ವೈರು, ಹತ್ತು ನಿಮಿಷದ ಕೆಲಸ ಎಂದೂ ಸೇರಿಸಿದ. ಅದನ್ನು ಅವನು ಹೇಳಬಾರದಿತ್ತು. ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ನಮ್ಮ ವಂಶದಲ್ಲೇ ಡಿಗ್ರಿಯ ಮುಖ ಕಂಡ ಮೊದಲ ಮನುಷ್ಯ. ಹತ್ತು ನಿಮಿಷದ ಕೆಲಸಕ್ಕೆ ನಾನು ಇನ್ನೊಬ್ಬರ ಕೈ ಕಾಯಬೇಕೆ? ಅಂಗಡಿಯಿಂದ ಸೆನ್ಸರನ್ನು ತಂದೆ, ಮೊಬೈಲಿನಲ್ಲಿ ನಾಲ್ಕು ವಿಡಿಯೊ ನೋಡಿದೆ, ಮುಖ್ಯಾಂಶಗಳನ್ನು ಪಾಠಟಿಪ್ಪಣಿಯ ಪುಸ್ತಕದಲ್ಲಿ ಬರೆದುಕೊಂಡೆ.

ನನ್ನ ಹೆಂಡತಿ ಶ್ಯಾಮಲಾಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಒಂಬತ್ತೂವರೆಗೆ ಹಳೇಬೀಡಿನಲ್ಲಿ ಅವಳಿಗೆ ಗೈಡ್ ಆಯ್ಕೆಯ ಪರೀಕ್ಷೆ ಇತ್ತು. ಪರೀಕ್ಷಕರನ್ನೇ ಪ್ರವಾಸಿಗರೆಂದುಕೊಂಡು ದೇವಸ್ಥಾನ ಸುತ್ತಿಸಿ, ಕಥೆ ಹೇಳಿ, ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕು. ಹಿಂದಿನ ಸಲ ಆ ಪರೀಕ್ಷೆ ನಡೆದು ನಾಲ್ಕು ವರ್ಷವಾಗಿತ್ತು. ಮುಂದಿನದು ಯಾವಾಗಲೋ ಯಾರಿಗೂ ಗೊತ್ತಿಲ್ಲ. ಎಂಟು ತಿಂಗಳಿಂದ ಅವಳು ಓದಿದ್ದಳು. ನಮ್ಮ ಅಡುಗೆಮನೆಯ ಫ್ರಿಜ್ಜು ದ್ವಾರಪಾಲಕ, ಗ್ಯಾಸ್ ಸಿಲಿಂಡರು ನಂದಿ, ನಾನು ಪ್ರವಾಸಿ. ಒಂದೊಂದು ದಿನ ಶಾಲಾ ಮಕ್ಕಳ ಗುಂಪು, ಒಂದೊಂದು ದಿನ ಜರ್ಮನಿಯವನು. ಊಟ ಬಡಿಸುವ ಮೊದಲು ಒಂದು ಸುತ್ತು ಪ್ರದಕ್ಷಿಣೆ ಕಡ್ಡಾಯ. ಬಿ.ಎ.ಯಲ್ಲಿ ಇತಿಹಾಸ ಓದಿ, ಮದುವೆಯಾಗಿ ತವರೂರು ಹಗರೆಯಿಂದ ಇಲ್ಲಿಗೆ ಬಂದು ಹತ್ತು ವರ್ಷವಾದ ಮೇಲೆ, ತನ್ನ ಹೆಸರಿನಲ್ಲೇ ಅವಳು ಹಿಡಿಯಲು ಹೊರಟ ಮೊದಲ ಕೆಲಸ ಅದು.

"ರೀ, ಇವತ್ತೇ ಬೇಕಾ ಇದು? ನಾಳೆ ಒಂದಿನ ಕಳೀಲಿ."

"ನಾಳೆ ದಾರೀಲಿ ನಿಂತ್ರೆ ಏನ್ಮಾಡ್ತೀಯ? ನಿನಗೋಸ್ಕರಾನೇ ಮಾಡ್ತಿರೋದು."

"ಹಾಗಾದ್ರೆ ಭೀಮರಾಜಣ್ಣಂಗೆ ಕೊಡಿ. ಅದೂ ನನಗೋಸ್ಕರಾನೇ."

ಕೇಳಿಸದವನಂತೆ ಬಾನೆಟ್ ಎತ್ತಿದೆ.

ನಮ್ಮಪ್ಪ ಮರಿಯಣ್ಣ ಅಂದು ನಮ್ಮೂರು ಕಣಕಟ್ಟೆಯಿಂದ ಬಂದಿದ್ದರು. ಮೆಟ್ಟಿಲ ಮೇಲೆ ಕೂತು ನನ್ನ ಶಸ್ತ್ರಚಿಕಿತ್ಸೆಯನ್ನು ನೋಡುತ್ತಿದ್ದರು. ಬ್ಯಾಟರಿಯ ಒಂದು ವೈರು ಬಿಚ್ಚಿದೆ, ಸೆನ್ಸರಿನ ತಲೆಗೆ ಸಿಕ್ಕಿಸಿದ್ದ ಪ್ಲಗ್ಗನ್ನು ಎಳೆದೆ, ಬೋಲ್ಟು ತಿರುಗಿಸಿದೆ. ಹೆಬ್ಬೆರಳ ಗಾತ್ರದ ಕಪ್ಪು ವಸ್ತುವೊಂದು ಕೈಗೆ ಬಂತು.

"ಏನ್ಲಾ ಅದು?"

"ಕ್ಯಾಮ್ ಸೆನ್ಸರ್ ಅಪ್ಪಾ."

ಕೆಲಸಕ್ಕೆ ನಮ್ಮ ಕಡೆ ಕ್ಯಾಮೆ ಎನ್ನುತ್ತೇವೆ. ಅಪ್ಪನಿಗೆ ಕೇಳಿಸಿದ್ದೂ ಅದೇ. "ಕ್ಯಾಮೆ ಮಾಡ್ತಾವ್ರೋ ಇಲ್ವೋ ಅಂತ ನೋಡ್ಕಳಾ ಮಿಷಿನ್ನಾ? ನಮ್ ತೋಟಕ್ಕೂ ಒಂದ್ ತಂದಾಕ್ಲಾ."

ಅವರ ವ್ಯಾಖ್ಯಾನ ಅಷ್ಟೇನೂ ತಪ್ಪಿರಲಿಲ್ಲ. ಎಂಜಿನ್ನಿನ ಒಳಗೆ ತಿರುಗುವ ಒಂದು ದಂಡ ಈಗ ಎಲ್ಲಿದೆ, ಏನು ಮಾಡುತ್ತಿದೆ ಎಂದು ಕಂಪ್ಯೂಟರಿಗೆ ವರದಿ ಒಪ್ಪಿಸುವುದೇ ಇದರ ಕೆಲಸ. ಅಷ್ಟು ಹೇಳಿ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಆದರೆ ಮೇಷ್ಟ್ರ ನಾಲಿಗೆ! ಇದು ಹಾಲ್ ಎಫೆಕ್ಟ್ ಎಂಬ ತತ್ತ್ವದ ಮೇಲೆ ನಡೆಯುತ್ತದೆ ಎಂದು ಪಾಠ ಮುಂದುವರಿಸಿದೆ.

"ಹಾಲಾ? ಹಾಲ್ ಗೀಲ್ ಹಾಕ್ಬ್ಯಾಡ ಕಣ್ಲಾ, ಒಡ್ದೋಯ್ತದೆ. ಎಣ್ಣೆ ಹಾಕು," ಎಂದರು ಅಪ್ಪ.

ವಿಚಿತ್ರವೆಂದರೆ ನನ್ನ ಟಿಪ್ಪಣಿಯಲ್ಲೂ ಅದೇ ಇತ್ತು. ಹೊಸ ಸೆನ್ಸರಿನ ಕತ್ತಿನಲ್ಲಿರುವ ರಬ್ಬರ್ ಉಂಗುರಕ್ಕೆ ಎಂಜಿನ್ ಆಯಿಲನ್ನು ತೆಳುವಾಗಿ ಸವರಬೇಕು. ಮನೆಯಲ್ಲಿ ಎಂಜಿನ್ ಆಯಿಲ್ ಇರಲಿಲ್ಲ. ಆದರೆ ಅಪ್ಪ ಅಂದೇ ತಂದಿದ್ದ, ನಮ್ಮದೇ ತೋಟದ ಕೊಬ್ಬರಿಯಿಂದ ತೆಗೆಸಿದ ಎಣ್ಣೆಯ ಕ್ಯಾನು ಬಾಗಿಲಲ್ಲೇ ಇತ್ತು. ನಮ್ಮ ಮನೆಯಲ್ಲಿ ಆ ಎಣ್ಣೆ ಬೀಳದ ಜಾಗವಿಲ್ಲ. ಬೀಗ, ಬಾಗಿಲು, ಪಂಪಿನ ಬೋಲ್ಟು, ನೋಯುವ ಕಿವಿ, ಎಲ್ಲಕ್ಕೂ ಅದೇ. ಉಂಗುರಕ್ಕೆ ಸವರಿದೆ. ಎಣ್ಣೆ ಕೈಗೆ ಸಿಕ್ಕಿದ ಮೇಲೆ ಅರಸೀಕೆರೆ ಸೀಮೆಯವರ ಕೈ ಅಷ್ಟಕ್ಕೇ ನಿಲ್ಲುತ್ತದೆಯೇ? ತುಕ್ಕು ಹಿಡಿಯದಿರಲಿ ಎಂದು ಪ್ಲಗ್ಗಿನ ಬಾಯಿಗೂ ಒಂದು ಚಮಚ ಸುರಿದೆ. ಅಪ್ಪ ಮೆಚ್ಚಿ ತಲೆಯಾಡಿಸಿದರು.

ಪ್ಲಗ್ಗನ್ನು ಸೆನ್ಸರಿಗೆ ಒತ್ತಿದಾಗ "ಕ್ಲಿಕ್" ಎಂಬ ಸದ್ದು ಬರಬೇಕೆಂದು ನಾಲ್ಕೂ ವಿಡಿಯೊಗಳಲ್ಲಿ ಹೇಳಿದ್ದರು. ನಾನು ಒತ್ತಿದಾಗ "ಪಚಕ್" ಎಂದಿತು. ನಮ್ಮ ಕಡೆಯ ಉಚ್ಚಾರಣೆ ಇರಬೇಕು ಅಂದುಕೊಂಡೆ.

ಬ್ಯಾಟರಿ ಜೋಡಿಸಿ ಕೀಲಿ ತಿರುಗಿಸಿದರೆ ಕಾರು ಒಂದೇ ಏಟಿಗೆ ಗುರ್ ಎಂದಿತು! ಹಳದಿ ದೀಪ ಮಾಯ. ಅಪ್ಪ ಕಾರಿನ ಮುಂದೆ ತೆಂಗಿನಕಾಯಿ ಒಡೆದರು. ನಾನು ಬೇಕೆಂದೇ ಗ್ಯಾರೇಜಿನ ಮುಂದೆ ಎರಡು ಸುತ್ತು ಹೊಡೆದೆ. ಎರಡನೆಯ ಸುತ್ತಿನಲ್ಲಿ ಭೀಮರಾಜ್ ಒಂದೇ ಪ್ರಶ್ನೆ ಕೇಳಿದ.

"ಪ್ಲಗ್ಗಿನ ಲಾಕ್ ಕೂತೈತಾ ಸಾರ್?"

ಲಾಕೇನು, ಇಡೀ ವಿಜ್ಞಾನವೇ ಕೂತಿದೆ ಎಂದು ನಕ್ಕು ಬಂದೆ.

ಮಾರನೆಯ ಬೆಳಿಗ್ಗೆ ಮೈ ಕೊರೆಯುವ ಚಳಿ. ಏಳೂಕಾಲಿಗೆ ಶ್ಯಾಮಲಾ ಹಸಿರು ಸೀರೆಯುಟ್ಟು, ಕೈಯಲ್ಲಿ ಫೈಲು ಹಿಡಿದು ಕಾರಿನಲ್ಲಿ ಕೂತಳು. ಕೀಲಿ ತಿರುಗಿಸಿದೆ. ಎಂಜಿನ್ನು ಮುದುಕರು ಕೆಮ್ಮಿದಂತೆ ಕೆಮ್ಮಿತು, ಹತ್ತಲಿಲ್ಲ. ಮತ್ತೆ ತಿರುಗಿಸಿದೆ. ಆರನೆಯ ಸಲಕ್ಕೆ ಕೆಮ್ಮುವುದಕ್ಕೂ ಅದಕ್ಕೆ ಶಕ್ತಿ ಉಳಿದಿರಲಿಲ್ಲ. ಇಳಿದು ಬಾನೆಟ್ ಎತ್ತಿದೆ. ಪ್ಲಗ್ಗು ಅರ್ಧ ಹೊರಗೆ ಬಂದಿತ್ತು. ಎಳೆದು ನೋಡಿದರೆ ಒಳಗೆಲ್ಲ ಬೆಳ್ಳಗೆ, ಗಟ್ಟಿಯಾಗಿ, ಮೇಣದಂತೆ ಏನೋ ತುಂಬಿಕೊಂಡಿತ್ತು. ಸೆನ್ಸರಿನಿಂದ ಯಾವುದೋ ರಾಸಾಯನಿಕ ಸೋರಿ ಹರಳುಗಟ್ಟಿದೆ ಎಂದು ಗಂಭೀರವಾಗಿ ಘೋಷಿಸಿದೆ.

ಶ್ಯಾಮಲಾ ಇಳಿದು ಬಂದು, ಬೆರಳಿನಿಂದ ಮುಟ್ಟಿ, ಮೂಸಿ ನೋಡಿದಳು.

"ಕೊಬ್ಬರಿ ಎಣ್ಣೆ."

ನಾನೂ ಮೂಸಿ ನೋಡಿದೆ.

"ಚಳಿಗಾಲದಲ್ಲಿ ದಿನಾ ಬೆಳಿಗ್ಗೆ ತಲೆಗೆ ಹಚ್ಚೋ ಎಣ್ಣೆ ಬಾಟ್ಲೀನ ಬಿಸಿನೀರಲ್ಲಿ ಇಟ್ಟು ಕರಗಿಸಿ ನಿಮ್ಮ ಕೈಗೆ ಕೊಡ್ತೀನಿ. ಹತ್ತು ವರ್ಷದಿಂದ. ಒಂದ್ಸಲನಾದ್ರೂ ನೋಡಿದೀರಾ ಅದನ್ನ?"

ಅವಳು ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಗಡಿಯಾರ ನೋಡಿ, ಏಳು ಮುಕ್ಕಾಲರ ಬಸ್ಸಿದೆ ಎಂದಳು. ಬೇರೆ ಗಾಡಿ ಕೇಳುತ್ತೇನೆ, ಹತ್ತು ನಿಮಿಷ ಇರು ಎಂದು ಬೇಡಿಕೊಂಡೆ. ಹತ್ತು ನಿಮಿಷದ ಕೆಲಸ ಎಂಬ ಮಾತನ್ನು ನಿನ್ನೆಯಿಂದ ಕೇಳಿ ಸಾಕಾಗಿದೆ ಎಂದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬೀದಿಯ ತುದಿಯಲ್ಲಿ ಆಟೊ ಹಿಡಿದು ಹೊರಟೇಹೋದಳು. ಅಪ್ಪ ಎಣ್ಣೆಯ ಕ್ಯಾನನ್ನು ಸದ್ದಿಲ್ಲದೆ ಒಳಗೆ ಒಯ್ದರು.

ಪ್ರತಿಜ್ಞೆ ಮುರಿದು ನಾನೇ ಹೋಗಿ ಕರೆದೆ, ಭೀಮರಾಜ್ ಬಂದ. ನಗಬಹುದಿತ್ತು, ನಗಲಿಲ್ಲ. ಎಣ್ಣೆ ತುಂಬಿಕೊಂಡಿದ್ದರಿಂದ ನಿನ್ನೆಯೇ ಪ್ಲಗ್ಗು ಪೂರ್ತಿ ಒಳಗೆ ಹೋಗಿರಲಿಲ್ಲ. ಹೇಗೋ ತಾಗಿಕೊಂಡಿದ್ದು ಗಾಡಿಯ ಅದುರಾಟಕ್ಕೆ ಸರಿದಿದೆ, ಚಳಿಗೆ ಎಣ್ಣೆ ಹೆಪ್ಪುಗಟ್ಟಿ ನಡುವೆ ಗೋಡೆ ಕಟ್ಟಿದೆ ಎಂದು ವಿವರಿಸಿದ. ಪ್ಲಗ್ಗಿನ ಬಾಯಿ ಯಾವಾಗಲೂ ಒಣಗಿರಬೇಕು, ಅದಕ್ಕೆ ಬೇಕಾದ ಆರೈಕೆ ಅಷ್ಟೇ ಎಂದ. ಯಾವುದೋ ಸ್ಪ್ರೇ ಹೊಡೆದು, ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ನನ್ನ ಕೈಯಲ್ಲೇ ಪ್ಲಗ್ಗು ಒತ್ತಿಸಿದ. ಕ್ಲಿಕ್ ಎಂದಿತು. ಅಚ್ಚ ಕನ್ನಡದಲ್ಲಿ, ಯಾವ ಸೀಮೆಯವರಿಗೂ ತಿಳಿಯುವಂತೆ.

ಬೇರೆ ಬ್ಯಾಟರಿ ತಗುಲಿಸಿ ಅವನು ಸ್ಟಾರ್ಟ್ ಮಾಡಿಕೊಟ್ಟ ಕಾರಿನಲ್ಲಿ ಹೊರಟರೆ, ಹಳೇಬೀಡಿನ ದಾರಿಯುದ್ದಕ್ಕೂ ಯೋಚನೆ ಬಿಡಲಿಲ್ಲ. ಎಂಟನೆಯ ಕ್ಲಾಸಿನಿಂದಲೇ ಊರವರ ಅರ್ಜಿ ಬರೆದವನು ನಾನು, ಬ್ಯಾಂಕಿನ ಕಾಗದ ಓದಿ ಹೇಳಿದವನು ನಾನು, ಔಷಧಿಯ ಚೀಟಿ ಬಿಡಿಸಿದವನು ನಾನು. ಏನೇ ಬಂದರೂ "ರಂಗನಾಥನ್ನ ಕೇಳ್ರಲಾ" ಎನ್ನುತ್ತಿದ್ದರು. ತಿಳಿಯದ್ದನ್ನೂ ತಿಳಿದವನಂತೆ ಹೇಳಿದ್ದೇನೆ. ಪಾಪ, ನನ್ನ ಬಿಟ್ಟರೆ ಅವರಿಗೆ ಯಾರಿದ್ದರು? ಹಾಗೆ ಹೇಳಿ ಹೇಳಿ, ಇನ್ನೊಬ್ಬರನ್ನು ಕೇಳುವುದು ಹೇಗೆಂಬುದೇ ನನಗೆ ಮರೆತುಹೋಗಿತ್ತು. ನಿನ್ನೆ ನನಗೆ ಬುದ್ಧಿ ಹೇಳಿದವರು ಇಬ್ಬರು. ಒಬ್ಬಳು ಇವತ್ತು ಬೇಡ ಅಂದಳು, ಒಬ್ಬ ಲಾಕ್ ಕೂತಿದೆಯಾ ಅಂದ. ಇಬ್ಬರಿಗೂ ನಾನು ಪಾಠ ಮಾಡಿ ಕಳಿಸಿದ್ದೆ. ಇನ್ನು ಬಸ್ಸು ತಡವಾಗಿ, ಅವಳ ಎಂಟು ತಿಂಗಳು ನೀರಿಗೆ ಹೋಗಿದ್ದರೆ? ಅದನ್ನು ನೆನೆದಾಗಲೆಲ್ಲ ಕಾಲು ತಾನಾಗಿ ಆಕ್ಸಿಲರೇಟರ್ ಒತ್ತುತ್ತಿತ್ತು.

ತಲುಪುವಾಗ ಹತ್ತೂವರೆ. ಚಪ್ಪಲಿ ಬಿಟ್ಟು ಓಡಿದೆ. ದೇವಸ್ಥಾನದ ಹೊರಗೋಡೆಯ ಆನೆಗಳ ಸಾಲಿನ ಬಳಿ ಸಣ್ಣ ಗುಂಪು. ನಡುವೆ ಹಸಿರು ಸೀರೆ! ಬಸ್ಸು ಅವಳನ್ನು ಹೊತ್ತಿಗೆ ಸರಿಯಾಗಿ ಇಳಿಸಿತ್ತು. ನಾನು ಗುಂಪಿನ ಹಿಂದೆ ತಲೆ ತಗ್ಗಿಸಿ ನಿಂತೆ. ಅಡುಗೆಮನೆಯಲ್ಲಿ ಎಂಟು ತಿಂಗಳು ಕೇಳಿದ ಮಾತುಗಳೇ, ಆದರೆ ಅಲ್ಲಿ ನಾನು ಕಿವಿ ಕೊಟ್ಟಿರಲಿಲ್ಲ. ಇಲ್ಲಿ ಕಲ್ಲಿನ ಮುಂದೆ ನಿಂತು ಅವಳು ಹೇಳುತ್ತಿದ್ದರೆ ಮುಂದೇನು ಎಂದು ನನಗೇ ಕುತೂಹಲ.

ಕೊನೆಗೆ ಹಿರಿಯ ಪರೀಕ್ಷಕರೊಬ್ಬರು ಕನ್ನಡಕ ಏರಿಸಿ ಕೇಳಿದರು. "ಪ್ರವಾಸಿಗರ ಗಾಡಿ ದಾರೀಲಿ ಕೆಟ್ಟು ನಿಂತಿದೆ ಅಂತಿಟ್ಕೊಳ್ಳಿ. ಹೊತ್ತಾಗ್ತಿದೆ. ಏನು ಮಾಡ್ತೀರಿ?"

ಶ್ಯಾಮಲಾ ಅರೆಕ್ಷಣವೂ ಯೋಚಿಸಲಿಲ್ಲ. "ರಿಪೇರಿ ಮಾಡ್ತೀನಿ ಅಂತ ಮುಂದೆ ಬಂದೋರನ್ನ ಗಾಡಿ ಹತ್ರಾನೇ ಬಿಟ್ಟು, ಉಳಿದೋರನ್ನ ಬಸ್ ಹತ್ತಿಸ್ಕೊಂಡು ಬರ್ತೀನಿ ಸಾರ್."

ಗುಂಪಿಗೆ ಗುಂಪೇ ನಕ್ಕಿತು. ಪರೀಕ್ಷಕರು ನಗುತ್ತಲೇ ಹಾಳೆಯಲ್ಲಿ ಏನೋ ಬರೆದು, ಪಕ್ಕದವರಿಗೆ ತೋರಿಸಿ, ಇನ್ನೇನೂ ಕೇಳುವುದಿಲ್ಲ ತಾಯಿ, ನಿಮ್ಮ ಆಯ್ಕೆಯಾಗಿದೆ ಎಂದರು. ನನಗೆ ತಡೆಯಲಾಗಲಿಲ್ಲ. ಹಿಂದಿನಿಂದ ಚಪ್ಪಾಳೆ ಹೊಡೆದೆ. ಹೊಡೆದವನು ನಾನೊಬ್ಬನೇ ಎಂದು ಆಮೇಲೆ ತಿಳಿಯಿತು.

ಪರೀಕ್ಷಕರು ತಿರುಗಿ ನೋಡಿದರು. "ಇವರು ಯಾರು?"

ಶ್ಯಾಮಲಾ ನನ್ನನ್ನು ಆಗಷ್ಟೇ ಕಂಡಳು. ಅವಳ ಕಣ್ಣು ಒಂದು ಗಳಿಗೆ ಅರಳಿದ್ದು ನಿಜ, ಅದನ್ನು ನಾನು ನೋಡಿದೆ. ಮರುಗಳಿಗೆಯಲ್ಲೇ ಅಪರೂಪದ ಒಂದು ವಿಗ್ರಹವನ್ನು ತೋರಿಸುವವಳಂತೆ ನನ್ನ ಕಡೆಗೆ ಕೈ ಚಾಚಿ, ಅದೇ ಗೈಡಿನ ದನಿಯಲ್ಲಿ ಹೇಳಿದಳು.

"ಗಾಡಿ ಹತ್ರ ಬಿಟ್ಟು ಬಂದಿದ್ನಲ್ಲ ಸಾರ್, ಇವರೇ."