ಸೋರುವ ಕಮೋಡು, ಮಾತಾಡದ ಅತ್ತೆ

ಹೈಸ್ಕೂಲಿನಲ್ಲಿ ಹದಿನೆಂಟು ವರ್ಷ ದ್ರವದ ಒತ್ತಡದ ಪಾಠ ಕಲಿಸಿದವನಿಗೆ ಒಂದು ಕಮೋಡು ಯಾವ ಲೆಕ್ಕ! ನಮ್ಮ ಪಾಯಖಾನೆಯ ಫ್ಲಶ್ ಟ್ಯಾಂಕಿಗೆ ನೀರು ಕೊಡುವ ಪೈಪಿನ ನಟ್ಟು ಸೋರತೊಡಗಿದಾಗ ನಾನು ಅಂದುಕೊಂಡದ್ದು ಇಷ್ಟೇ.

ಸೋರುತ್ತಿದ್ದದ್ದು ಹನಿ ಹನಿಯಾಗಿ. ಆದರೆ ಬೆಟಗೇರಿಯ ನಮ್ಮ ಓಣಿಯಲ್ಲಿ ನಳದ ನೀರು ಒಮ್ಮೆ ಬಂದರೆ ಮತ್ತೆ ಹತ್ತು ದಿನ ಕಾಯಬೇಕು. ಅಷ್ಟೂ ದಿನದ ಆಸರೆ ಮಾಳಿಗೆಯ ಮೇಲಿನ ಟ್ಯಾಂಕು. ಮೇಲಾಗಿ ಮನೆಯಲ್ಲಿ ಅತ್ತೆಯವರಿದ್ದರು. ಮೊಣಕಾಲಿನ ಆಪರೇಶನ್ ಆದಮೇಲೆ, ಕಮೋಡು ಇದೆಯೆಂಬ ಒಂದೇ ಕಾರಣಕ್ಕೆ ಕೊರ್ಲಹಳ್ಳಿಯಿಂದ ಬಂದಿದ್ದರು. ಹೊಳೆ ದಂಡೆಯ ಊರಿನವರು, ಕೈಬಿಚ್ಚಿ ನೀರು ಬಳಸಿ ರೂಢಿ. ನಮ್ಮ ಟ್ಯಾಂಕು ಇಳಿಯುತ್ತಿರುವುದು ತಮ್ಮಿಂದಲೇ ಎಂದು ತಿಳಿದು, ಆ ದಿನ ಬೆಳಿಗ್ಗೆಯೇ ಚೀಲ ಕಟ್ಟಿಟ್ಟಿದ್ದರು.

"ಅವ್ವ ಸಂಜಿ ಬಸ್ಸಿಗೆ ಹೋಗ್ತಾಳಂತ್ರಿ," ಎಂದು ನನ್ನ ಹೆಂಡತಿ ಗಿರಿಜಾ ಕಣ್ಣೊರೆಸಿಕೊಂಡಳು. "ಊರಾಗ ಕುಕ್ಕರಗಾಲಿಲೆ ಕುಂದ್ರಾಕ ಆಗತೈತೇನ್ ಆಕಿಗೆ?"

ನನಗೂ ಸಂಕಟವಾಯಿತು. "ಹನಿ ನಿಂತರ ಅತ್ತಿಯವರೂ ನಿಲ್ತಾರ. ನಟ್ಟು ತಿರುವೋ ಪಾನಾ ಕೊಡು!" ಎಂದೆ.

ಅತ್ತೆಯವರು ಹಳೆಯ ಕಾಲದವರು. ನಮ್ಮ ಮದುವೆಯಾಗಿ ಹತ್ತೊಂಬತ್ತು ವರ್ಷವಾದರೂ ಅಳಿಯನೊಡನೆ ನೇರ ಮಾತಾಡಿದವರಲ್ಲ. ತಲೆ ತುಂಬ ಸೆರಗು ಹೊದ್ದು, ಗೋಡೆ ನೋಡುತ್ತ, ಎಲ್ಲವನ್ನೂ ಮಗಳ ಮುಖಾಂತರವೇ ಹೇಳಿಸುವರು. ಆಗಲೂ ಪಡಸಾಲೆಯಿಂದ ಸಂದೇಶ ಹೊರಟಿತು. "ಗಿರಿಜಾ, ಪಾನಾ ಬ್ಯಾಡ ಅನ್ನು. ಪ್ಲಾಸ್ಟಿಕ್ ನಟ್ಟು, ಒಡೀತೈತಿ. ಒಳಗಿನ ವಾಷರ್ ಅಷ್ಟ ಬದಲಿ ಮಾಡಂತ ಹೇಳು." ಗಿರಿಜಾ ಅದನ್ನು ತಲುಪಿಸುವಷ್ಟರಲ್ಲಿ ನಾನು ಬಾಗಿಲು ಹಾಕಿಕೊಂಡಿದ್ದೆ. ಪಾಯಖಾನೆಯೊಳಗೆ ಸಲಹೆ ಸ್ವೀಕರಿಸುವ ಪದ್ಧತಿ ನನಗಿಲ್ಲ.

ಒಂದು ಸುತ್ತು ತಿರುವಿದೆ. ಹನಿ ನಿಂತಿತು! ವಿಜ್ಞಾನ ಗೆದ್ದಿತು! ಭದ್ರವಾಗಿರಲೆಂದು ಇನ್ನೊಂದು ಸುತ್ತು ತಿರುವಿದೆ. ಟಕ್ ಎಂದಿತು. ನಟ್ಟು ಎರಡು ಹೋಳಾಗಿ, ನೀರು ನೇರವಾಗಿ ಬಂದು ನನ್ನ ಮೂಗಿಗೆ ಬಡಿಯಿತು. ದ್ರವದ ಒತ್ತಡ ನನಗೆ ಸರಿಯಾಗಿ ಅರ್ಥವಾದದ್ದು ಅಂದೇ.

"ಲೇ ಗಿರಿಜಾ, ಇದನ್ನ ಹಿಡಿ!" ಎಂದು ಬಾಗಿಲು ತೆರೆದು, ಪೈಪನ್ನು ಅವಳ ಕೈಗೆ ಕೊಟ್ಟು ಮಾಳಿಗೆಗೆ ಓಡಿದೆ. ಅಲ್ಲಿ ಎರಡು ಟ್ಯಾಂಕು, ಎರಡು ವಾಲ್ವು. ಒಂದು ನಮ್ಮದು, ಇನ್ನೊಂದು ಕೆಳಗಿನ ಮನೆಯ ಬಸಣ್ಣನವರದು. ಗಡಿಬಿಡಿಯಲ್ಲಿ ಒಂದನ್ನು ಬಿಗಿಯಾಗಿ ಮುಚ್ಚಿ, ಎದೆಯುಬ್ಬಿಸಿ ಇಳಿದೆ.

ಮೆಟ್ಟಿಲಲ್ಲೇ ಬಸಣ್ಣನವರು ಎದುರಾದರು. ಸೊಂಟಕ್ಕೆ ಟವೆಲು, ಮೈತುಂಬ ಸೋಪು.

"ಸರ್ರ, ನಮ್ಮ ನೀರು ನಿಂತಾವಲ್ರಿ!"

ಒಳಗಿನಿಂದ ಗಿರಿಜಾ ಕೂಗಿದಳು, "ನಮ್ಮವು ನಿಂತಿಲ್ರೀ!"

ಮತ್ತೆ ಮಾಳಿಗೆ ಹತ್ತಿದೆ. ಅವರ ವಾಲ್ವು ಬಿಚ್ಚಿದೆ. ನಮ್ಮದು ತುಕ್ಕು ಹಿಡಿದು ಅಲುಗಲೇ ಇಲ್ಲ. ಇಳಿದು ಬಂದು ಪೈಪಿನ ಬಾಯಿಗೆ ಎರಡೂ ಅಂಗೈ ಒತ್ತಿ ನಿಂತೆ. ನೀರು ಬೆರಳ ಸಂದಿಯಿಂದ ನಾಲ್ಕು ದಿಕ್ಕಿಗೂ ಚಿಮ್ಮಿತು.

ಆಗ ಕೋಲೂರುತ್ತ ಅತ್ತೆಯವರು ಬಾಗಿಲಿಗೆ ಬಂದರು. ಸೆರಗು ಜಾರಿತ್ತು. ಗೋಡೆ ನೋಡಲಿಲ್ಲ, ನನ್ನನ್ನೇ ನೋಡಿದರು.

"ಅಳಿಯಾರ, ಕೈ ತಗೀರಿ!"

ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಮಾತು! ಬೆಚ್ಚಿ ಕೈ ತೆಗೆದೆ. ಅವರು ಕಮೋಡಿನ ಮುಚ್ಚಳ ಹಾಕಿ, ಅದರ ಮೇಲೆಯೇ ಕುಳಿತು, ಪೈಪನ್ನು ಮಡಚಿ, ಗಿರಿಜಾ ತಂದ ಹಳೇ ಸೈಕಲ್ ಟ್ಯೂಬಿನ ಪಟ್ಟಿಯನ್ನು ಬಿಗಿದು ಸುತ್ತಿದರು. ಹೊಲದ ಪಂಪ್‌ಸೆಟ್ಟಿನ ಪೈಪು ಕಟ್ಟಿ ಪಳಗಿದ ಕೈ. ನೀರು ನಿಂತಿತು. ಅಷ್ಟರಲ್ಲಿ ಟ್ಯಾಂಕಿನಲ್ಲೂ ಹೇಳಿಕೊಳ್ಳುವಷ್ಟು ಉಳಿದಿರಲಿಲ್ಲ.

ನಾಚಿಕೆಯಿಂದ ತಲೆ ತಗ್ಗಿಸಿದೆ. "ತಪ್ಪಾತ್ರಿ ಅತ್ತಿಯವರ. ಇದ್ದ ನೀರೂ ಹೋದವು. ಸಂಜಿ ನಾನ ಬಸ್ಸಿಗೆ ಹತ್ತಸ್ತೇನ್ರಿ."

"ನಾ ಹೋಗೂದಿಲ್ರಿ," ಎಂದರು ಅತ್ತೆ. "ನೀರು ನನ್ನಿಂದ ಖಾಲಿ ಆಗಾಕತ್ತಾವ ಅಂತ ಹೊಂಟಿದ್ದೆ. ಖರೆ ಯಾರಿಂದ ಅಂತ ಈಗ ತಿಳೀತು."

ಗಿರಿಜಾ ಅಳುತ್ತಲೇ ನಕ್ಕಳು. ನಾನು ಎಂಟು ದಿನ ಬಸಣ್ಣನವರ ಟ್ಯಾಂಕಿನಿಂದ ಕೊಡ ಹೊತ್ತೆ. ಅತ್ತೆಯವರು ಇನ್ನೂ ನಮ್ಮಲ್ಲೇ ಇದ್ದಾರೆ, ಈಗ ನನ್ನೊಡನೆ ನೇರವಾಗಿಯೇ ಮಾತಾಡುತ್ತಾರೆ. ನಾನು ಪಾಯಖಾನೆಯ ಕಡೆ ಹೊರಟಾಗಲೆಲ್ಲ ಪಡಸಾಲೆಯಿಂದ ಕೇಳುತ್ತದೆ, "ಅಳಿಯಾರ, ಕೈಯಾಗ ಏನೂ ಇಲ್ಲಲ್ರಿ?"

ಎರಡೂ ಕೈ ತೋರಿಸಿಯೇ ಒಳಗೆ ಹೋಗುತ್ತೇನೆ.